ಅತ್ತೆಯವರ ಕಾರು ಸ್ಟಾರ್ಟ್ ಮಾಡಿದ್ದು

ನಾನು ಮನೆಅಳಿಯ. ಹಾಗೆಂದು ನನ್ನೆದುರಿಗೆ ಯಾರೂ ಹೇಳಿಲ್ಲ, ಆದರೆ ಆಗಿರುವುದು ಅದೇ. ಮಾವನವರು ತೀರಿಕೊಂಡ ಮೇಲೆ ನಾನೂ ನನ್ನ ಹೆಂಡತಿಯೂ ದಾಸರಹಳ್ಳಿಯ ಬಾಡಿಗೆ ಮನೆ ಖಾಲಿ ಮಾಡಿ ಜಾಲಹಳ್ಳಿಯ ಅತ್ತೆಯವರ ಮನೆಗೆ ಬಂದೆವು. ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ನನ್ನ ಕೆಲಸ. ಅಲ್ಲಿಗೆ ಹೋಗಿಬರಲು ಇಲ್ಲಿಂದಲೂ ಅಷ್ಟೇ ದೂರ. ಮನೆ ದೊಡ್ಡದು, ಬೀದಿ ಶಾಂತ, ಸುತ್ತ ಮರಗಳು. ತೊಂದರೆ ಇದ್ದದ್ದು ಒಂದೇ. ಅತ್ತೆಯವರು ನನ್ನ ಜೊತೆ ಮಾತಾಡುತ್ತಿರಲಿಲ್ಲ.

ಸಿಟ್ಟಿನಿಂದಲ್ಲ, ಮರ್ಯಾದೆಯಿಂದ. ಅಳಿಯನ ಹತ್ತಿರ ನೇರವಾಗಿ ಮಾತಾಡಬಾರದೆಂದು ಅವರ ತಾಯಿ ಕಲಿಸಿದ್ದರಂತೆ. ಕಾರ್ಖಾನೆ ಟೌನ್‌ಶಿಪ್ಪಿನ ಆಸ್ಪತ್ರೆಯಲ್ಲಿ ನರ್ಸಾಗಿ, ಡಾಕ್ಟರುಗಳನ್ನೂ ಯೂನಿಯನ್ ಮುಖಂಡರನ್ನೂ ಗದರಿಸಿ ನಿಲ್ಲಿಸಿದ ಹೆಂಗಸು ನನ್ನ ವಿಷಯದಲ್ಲಿ ಮಾತ್ರ ಆ ಪಾಠ ಬಿಡಲಿಲ್ಲ. ಒಂದೇ ಮೇಜಿನಲ್ಲಿ ತಿಂಡಿಗೆ ಕೂತಿರುತ್ತಿದ್ದೆವು. ನಾನು ಅವರಿಗೆ ಕೈಯಳತೆಯ ದೂರ. ಆದರೂ ಮಗಳ ಕಡೆ ತಿರುಗಿ, “ನಿಮ್ಮನೆಯವ್ರಿಗೆ ಇನ್ನೊಂದು ದೋಸೆ ಬೇಕಾ ಕೇಳೇ” ಅನ್ನುತ್ತಿದ್ದರು. ನಾನೂ ಅದೇ ದಾರಿ ಹಿಡಿದು, “ಸಾಕು ಅಂತ ಹೇಳು” ಅನ್ನುತ್ತಿದ್ದೆ. ನನ್ನ ಹೆಂಡತಿ ತಲೆ ಚಚ್ಚಿಕೊಳ್ಳುತ್ತಿದ್ದಳು. “ನಾನೇನು ನಿಮ್ಮಿಬ್ರ ಮಧ್ಯೆ ಪೋಸ್ಟ್‌ಮ್ಯಾನಾ?”

ಮನೆಯ ಪಕ್ಕದ ಶೆಡ್ಡಿನಲ್ಲಿ ಒಂದು ಹಳೆಯ ಕಾರು ಇತ್ತು. ದುಂಡು ಬೆನ್ನು, ದುಂಡು ಮೂಗು, ಬೂದು ಬಣ್ಣ. ಗೇರು ಸ್ಟೀರಿಂಗಿನ ಪಕ್ಕದಲ್ಲೇ. ಮುಂದಿನ ಸೀಟು ಎರಡಾಗಿ ಒಡೆದಿಲ್ಲ, ಬೆಂಚಿನಂತೆ ಉದ್ದಕ್ಕೆ ಒಂದೇ. ಮುಂದಿನ ಬಾಗಿಲುಗಳು ಈಗಿನ ಕಾರುಗಳ ಹಾಗೆ ಮುಂದಕ್ಕಲ್ಲ, ಹಿಂದಕ್ಕೆ ತೆರೆದುಕೊಳ್ಳುತ್ತವೆ, ಬೀರುವಿನ ಬಾಗಿಲಿನ ಹಾಗೆ. ಮಾವನವರು ವರ್ಗವಾಗಿ ಹೋಗುತ್ತಿದ್ದ ಯಾರೋ ಅಧಿಕಾರಿಯಿಂದ ಅದನ್ನು ಕೊಂಡಿದ್ದರು. ಕೊಂಡ ವಾರದಲ್ಲೇ ಕಾಂಪೌಂಡಿಗೆ ಗುದ್ದಿ, ಇನ್ನು ಇದರ ಸಹವಾಸ ಬೇಡವೆಂದು ಬಸ್ಸಿಗೆ ವಾಪಸಾದರು. ಓಡಿಸಲು ಕಲಿತವರು ಅತ್ತೆ. ಕಲಿತು, ವರ್ಷಗಟ್ಟಲೆ ಡ್ಯೂಟಿಗೆ ಅದರಲ್ಲೇ ಹೋದರು. ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಬಿಟ್ಟರು. ಆಮೇಲೆ ಅದು ಶೆಡ್ಡಿನಲ್ಲಿ ಟಾರ್ಪಾಲಿನ್ ಹೊದ್ದು ಮಲಗಿತು. ವರ್ಷಕ್ಕೊಂದು ಸಲ ಮೆಕ್ಯಾನಿಕ್ ಬಂದು ಅದಕ್ಕೆ ಒಂದಿಷ್ಟು ಉಸಿರು ತುಂಬಿ ಹೋಗುತ್ತಿದ್ದ.

ಆ ಕಾರು ಮತ್ತೆ ಬೇಕಾಗಿ ಬಂದದ್ದು ಒಂದು ಫೋನ್ ಮಾತಿನಿಂದ.

ಅತ್ತೆಯವರಿಗೆ ಒಬ್ಬ ಗೆಳತಿ. ಅದೇ ಆಸ್ಪತ್ರೆಯಲ್ಲಿ ಜೊತೆಯಾಗಿ ನರ್ಸಾಗಿದ್ದವರು, ದೊಡ್ಡನೆಕ್ಕುಂದಿಯ ಒಕ್ಕಲು ಮನೆತನದ ಹೆಣ್ಣುಮಗಳು. ನಿವೃತ್ತಿಯಾದ ಮೇಲೆ ಹುಟ್ಟೂರಿಗೇ ಹೋಗಿ, ಪಾಲಿಗೆ ಬಂದ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡ ಕಟ್ಟಿ, ಮೇಲೆಲ್ಲ ರೂಮುಗಳನ್ನು ಬಾಡಿಗೆಗೆ ಕೊಟ್ಟು, ಕೆಳಗೆ ತಾವು ಇದ್ದಾರೆ. ಇಬ್ಬರೂ ಒಬ್ಬರನ್ನೊಬ್ಬರು ಇವತ್ತಿಗೂ ‘ಸಿಸ್ಟ್ರೇ’ ಎಂದೇ ಕರೆಯುವುದು. ಸಂಜೆ ದೀಪ ಹಚ್ಚಿದ ಮೇಲೆ ಒಂದು ಫೋನು ಆಗಲೇಬೇಕು. ಅತ್ತೆಯವರು ಸ್ಪೀಕರ್ ಹಾಕಿಯೇ ಮಾತಾಡುವುದರಿಂದ ಆಕೆಯ ಕಷ್ಟಸುಖವೆಲ್ಲ ನಮ್ಮ ನಡುಮನೆಗೂ ಗೊತ್ತು. ಆಕೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಆಪರೇಷನ್ ಆಗಿತ್ತು. ಡಾಕ್ಟರು ಓಡಾಡಿ, ಹೊರಗೆ ಹೋಗಿ ಎಂದು ಹೇಳಿದರೂ ಆಕೆ ಗೇಟು ದಾಟಿರಲಿಲ್ಲ.

ಒಂದು ಸಂಜೆ ಆಕೆ ಹೇಳಿದರು: “ಅಣ್ಣನ ಮಗನ ಕಾರೈತೆ ಸಿಸ್ಟ್ರೇ, ಅದನ್ನ ಅತ್ತಕ್ಕೆ ಏಣಿ ಬೇಕು. ಟ್ಯಾಕ್ಸಿ ಕರುಸ್ದ್ರೆ ಅದು ನೆಲಕ್ಕೇ ಅಂಟ್ಕೊಂಡೈತೆ, ಕೂತ್ರೆ ಏಳಕ್ಕಾಗಕಿಲ್ಲ. ನಿನ್ ಕಾರಾಗಿದ್ರೆ ನೋಡು, ಬೆನ್ ಕೊಟ್ಟು ಕುರ್ಚಿ ಮೇಲೆ ಕೂತಂಗೆ ಕೂತ್ಕೊಂಡು ಕಾಲೆತ್ತಿ ಒಳಕ್ಕಿಟ್ಕಂಡ್ಬುಡ್ತಿದ್ದೆ.”

ಫೋನು ಇಟ್ಟು ಅತ್ತೆಯವರು ಕಿಟಕಿಯಿಂದ ಶೆಡ್ಡಿನ ಕಡೆ ನೋಡಿದರು. ಆಮೇಲೆ ಮಗಳನ್ನು ಕೇಳಿದರು, “ನಿಮ್ಮನೆಯವ್ರಿಗೆ ಕಾರು ಓಡ್ಸೋಕೆ ಬರುತ್ತಲ್ವಾ?”

“ಬರುತ್ತೆ ಅಂತ ಹೇಳು,” ಅಂದೆ.

ಓಡಿಸುವುದು ಆಮೇಲಿನ ಮಾತು. ಮೊದಲು ಅದು ಸ್ಟಾರ್ಟ್ ಆಗಬೇಕಿತ್ತು. ವರ್ಷಕ್ಕೊಮ್ಮೆ ಬರುತ್ತಿದ್ದ ಮೆಕ್ಯಾನಿಕ್ ಬೆನ್ನುನೋವೆಂದು ಗ್ಯಾರೇಜು ಮುಚ್ಚಿ ಮಗಳ ಊರಿಗೆ ಹೋಗಿಬಿಟ್ಟಿದ್ದ. ತುಮಕೂರು ರಸ್ತೆಯ ಇನ್ನೊಂದು ಗ್ಯಾರೇಜಿಗೆ ಹೋಗಿ ಕೇಳಿದರೆ, “ಸಾರ್, ನಮ್ದೆಲ್ಲಾ ಕಂಪ್ಯೂಟರ್ ಹಾಕಿ ನೋಡೋದು. ಇದಕ್ಕೆ ಎಲ್ಲಿ ವೈರ್ ಚುಚ್ಚೋದು?” ಅಂದರು. ಹೊಸ ಬ್ಯಾಟರಿಯನ್ನು ಮಾತ್ರ ತಂದು ಕೂರಿಸಿಕೊಟ್ಟು ಹೋದರು. ಸ್ಟೋರ್ಸಿನಲ್ಲಿರುವ ನನಗೆ ನಟ್ಟು ಬೋಲ್ಟುಗಳನ್ನು ಎಣಿಸಿ ಕೊಡುವುದು ಗೊತ್ತು, ಬಿಗಿಯುವುದು ಗೊತ್ತಿಲ್ಲ. ಆದರೂ ಭಾನುವಾರ ಬೆಳಗ್ಗೆ ಹಳೆಯ ಪ್ಯಾಂಟು ಹಾಕಿಕೊಂಡು ಶೆಡ್ಡಿಗೆ ಇಳಿದೆ. ಹೆಂಡತಿ ತರಕಾರಿಗೆ ಹೋಗಿದ್ದಳು. ಅತ್ತೆಯವರು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

ಸ್ಟಾರ್ಟರಿನ ಗುಂಡಿ ಎಳೆದೆ. ಎಂಜಿನ್ನು ಗೊರಗೊರ ತಿರುಗಿತು. ಹತ್ತಿಕೊಳ್ಳಲಿಲ್ಲ. ಮತ್ತೆ ಎಳೆದೆ. ಅದೇ ಗೊರಗೊರ.

“ಚೋಕು ಎಳೆದ್ರಾ?”

ಯಾರನ್ನು ಕೇಳುತ್ತಿದ್ದಾರೆಂದು ನಾನು ಹಿಂದೆ ತಿರುಗಿ ನೋಡಿದೆ. ಶೆಡ್ಡಿನಲ್ಲಿ ನಾವಿಬ್ಬರೇ. ಪೋಸ್ಟ್‌ಮ್ಯಾನ್ ಸೊಪ್ಪು ಕೊಳ್ಳಲು ಹೋಗಿದ್ದಳು.

“ಇಲ್ಲ,” ಅಂದೆ.

“ಎಳೀರಿ. ತಣ್ಣಗಿರೋ ಎಂಜಿನ್ನಿಗೆ ಗಾಳಿ ಕಮ್ಮಿ, ಪೆಟ್ರೋಲು ಜಾಸ್ತಿ ಬೇಕು.”

ಹಾಗೆ ನಮ್ಮ ಮಾತು ಶುರುವಾಯಿತು. ಅಷ್ಟರಲ್ಲಿ ನನಗೆ ಮದುವೆಯಾಗಿ, ಹಾಸ್ಟೆಲಿನಲ್ಲಿದ್ದ ನಮ್ಮ ಮಗಳು ಕಾಲೇಜು ಮುಗಿಸುವಷ್ಟು ಕಾಲವಾಗಿತ್ತು.

ಚೋಕು ಎಳೆದರೂ ಹತ್ತಲಿಲ್ಲ. ಪ್ಲಗ್ಗು ಬಿಚ್ಚಿ ನೋಡಲು ಹೇಳಿದರು. ಪ್ಲಗ್ಗನ್ನು ಅದರ ವೈರಿಗೇ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿಟ್ಟು, ತಾವೇ ಎದ್ದು ಬಂದು ಸ್ಟಾರ್ಟರ್ ಎಳೆದರು. ಪ್ಲಗ್ಗಿನ ತುದಿಯಲ್ಲಿ ಒಂದು ಹಳದಿ ಕಿಡಿ ಸೋಮಾರಿಯಂತೆ ಹಾರಿತು.

“ಯಾವ ಬಣ್ಣ?”

“ಹಳದಿ.”

“ಹಸಿ ಸೌದೆ ಉರಿದ ಹಾಗೆ. ನೀಲಿ ಇರ್ಬೇಕು, ಗ್ಯಾಸ್ ಒಲೆ ಹಾಗೆ. ಕರೆಂಟು ಸಾಲ್ತಾ ಇಲ್ಲ.”

ಕರೆಂಟನ್ನು ಹಂಚುವ ದುಂಡನೆಯ ಮುಚ್ಚಳ ತೆಗೆದರೆ ಒಳಗೆ ಎರಡು ಪುಟ್ಟ ಲೋಹದ ತುಟಿಗಳು. ಎಂಜಿನ್ನು ತಿರುಗಿದಂತೆ ಅವು ಮುಚ್ಚಿ ತೆರೆಯುತ್ತವೆ, ಪ್ರತಿ ಸಲ ತೆರೆದಾಗಲೂ ಒಂದು ಕಿಡಿ. ಅದಕ್ಕೆ ಪಾಯಿಂಟ್ ಅನ್ನುತ್ತಾರೆ. ವರ್ಷಗಳ ತೇವಕ್ಕೆ ಅವು ಕಪ್ಪಗಾಗಿದ್ದವು. ನಾನು ಬಿಚ್ಚಲು ಹೋಗಿ ಸಾಸಿವೆಗಿಂತ ಸ್ವಲ್ಪ ದೊಡ್ಡದೊಂದು ಸ್ಕ್ರೂವನ್ನು ಒಳಗೆ ಬೀಳಿಸಿದೆ. ಅತ್ತೆಯವರು ಒಳಗೆ ಹೋಗಿ, ತಮ್ಮ ಆಸ್ಪತ್ರೆ ಕಾಲದ ತಗಡಿನ ಡಬ್ಬಿ ತಂದು, ಅದರಿಂದ ಉದ್ದ ಮೂಗಿನ ಚಿಮಟವೊಂದನ್ನು ತೆಗೆದು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಸ್ಕ್ರೂವನ್ನು ಹೊರಗೆತ್ತಿ ನನ್ನ ಅಂಗೈ ಮೇಲೆ ಇಟ್ಟರು.

“ಮೂಗಿನೊಳಗೆ ಕಡಲೆಕಾಳು ಹಾಕ್ಕೊಂಡು ಬರೋವು, ಮಕ್ಕಳು. ಅಭ್ಯಾಸ ಇದೆ,” ಅಂದರು.

ಪಾಯಿಂಟನ್ನು ಮರಳು ಕಾಗದದಲ್ಲಿ ಉಜ್ಜಿ, ಎರಡು ತುಟಿಗಳ ನಡುವೆ ಇರಬೇಕಾದಷ್ಟು ಸಂದು ಬಿಟ್ಟು ಬಿಗಿದೆವು. ಈ ಸಲ ಕಿಡಿ ನೀಲಿ. ಪ್ಲಗ್ಗುಗಳನ್ನು ವಾಪಸ್ ಹಾಕಿ, ಬ್ಯಾಟರಿ ಸುಸ್ತಾಗುವಷ್ಟು ಹೊತ್ತು ಸ್ಟಾರ್ಟರ್ ಎಳೆದ ಮೇಲೆ ಕಾರು ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಶೆಡ್ಡಿನ ತುಂಬ ಹೊಗೆ ಬಿಟ್ಟು ಹತ್ತಿಕೊಂಡಿತು. ತರಕಾರಿ ಚೀಲ ಹಿಡಿದು ಗೇಟಿಗೆ ಬಂದ ಹೆಂಡತಿ ಬೆಂಕಿ ಬಿತ್ತೆಂದು ಓಡಿ ಬಂದಳು. ಒಳಗೆ ಅವಳ ತಾಯಿಯೂ ಗಂಡನೂ ಒಬ್ಬರಿಗೊಬ್ಬರು ಕೂಗಿ ಮಾತಾಡುತ್ತಿದ್ದುದನ್ನು ಕಂಡು ಚೀಲ ಕೆಳಗಿಟ್ಟು ನಿಂತಳು.

ಮುಂದಿನ ಭಾನುವಾರ ದೊಡ್ಡನೆಕ್ಕುಂದಿಗೆ ಹೊರಡುವುದೆಂದು ಗೆಳತಿಗೆ ಫೋನೂ ಆಯಿತು. ಮುಂದಿನ ಭಾನುವಾರ ಕಾರು ಹತ್ತಲಿಲ್ಲ.

ಕಿಡಿ ನೋಡಿದೆವು, ನೀಲಿಯೇ. ಆದರೂ ಅತ್ತೆಯವರು ಕರೆಂಟಿನದೇ ದೋಷ ಎಂದು ಹಟ ಹಿಡಿದರು. ಪಾಯಿಂಟಿನ ಪಕ್ಕ ಕೂತಿರುವ ಕಂಡೆನ್ಸರ್ ಎಂಬ ಬೆರಳುದ್ದದ ಡಬ್ಬಿಯನ್ನು ಬದಲಾಯಿಸಲು ಹೇಳಿದರು. ಸಿಟಿಯ ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನು ಅಲೆದು ತಂದು ಬದಲಾಯಿಸಿದೆ. ಹತ್ತಲಿಲ್ಲ. ವೈರು ಬದಲಾಯಿಸಿದೆ. ಹತ್ತಲಿಲ್ಲ. ಕೊನೆಗೆ ನಾನು ಧೈರ್ಯ ಮಾಡಿ, “ಪೆಟ್ರೋಲು ಎಂಜಿನ್ನಿಗೆ ಹೋಗ್ತಾ ಇಲ್ಲವೇನೋ” ಅಂದೆ.

“ಮೊನ್ನೆ ತಾನೆ ಹಾಕ್ಸಿದ್ದೀರಿ. ಟ್ಯಾಂಕಲ್ಲಿ ಕುಲುಕ್ತಾ ಇದೆ. ಎಲ್ಲಿಗ್ ಹೋಗುತ್ತೆ?”

“ಟ್ಯಾಂಕಲ್ಲಿದೆ. ಮುಂದಕ್ಕೆ ಬರ್ತಿಲ್ಲವೇನೋ ಅಂತ.”

“ಹೋದ ವಾರ ಹೇಗ್ ಬಂತು ಹಾಗಾದ್ರೆ?”

ಆದರೂ ನಾನು ನನ್ನ ಮಾತು ಬಿಡಲಿಲ್ಲ. ಅವರು ಎದ್ದು ಒಳಗೆ ಹೋದರು. ರಾತ್ರಿ ಊಟಕ್ಕೆ ಕೂತಾಗ ಮಗಳ ಕಡೆ ತಿರುಗಿ, “ನಿಮ್ಮನೆಯವ್ರಿಗೆ ಸಾರು ಬೇಕಾ ಕೇಳೇ” ಅಂದರು. ಹೆಂಡತಿ ನನ್ನ ಮುಖ ನೋಡಿ ನಕ್ಕಳು. “ಏನ್ ಮಾಡಿದ್ರಿ? ಚೆನ್ನಾಗಿ ಹೋಗ್ತಿತ್ತಲ್ಲ!”

ವಾರದ ಮಧ್ಯೆ ನಾನು ಬೆನ್ನುನೋವಿನ ಮೆಕ್ಯಾನಿಕ್ಕನ ನಂಬರು ಹುಡುಕಿ ಫೋನು ಮಾಡಿದೆ. ಅವನು ಮಲಗಿದ್ದಲ್ಲಿಂದಲೇ ಹೇಳಿದ: “ಸಾರ್, ಒಂದ್ ಕೆಲ್ಸ ಮಾಡಿ. ಕಾರ್ಬೊರೇಟರ್ ಮೇಲಿನ ಏರ್ ಕ್ಲೀನರ್ ತೆಗೀರಿ. ಬಾಯೊಳಗೆ ನೋಡ್ತಾ ಆಕ್ಸಿಲರೇಟರ್ ಒತ್ತಿ. ಪಿಚಕಾರಿ ಥರ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದೇ ಹೋದ್ರೆ, ಟ್ಯಾಂಕಿಂದ ಪೆಟ್ರೋಲ್ ಎಳೆಯೋ ಪಂಪ್ ಕೆಳಗೆ ಒಂದು ಸಣ್ಣ ಲಿವರ್ ಇದೆ, ಕೈಯಲ್ಲಿ ಒತ್ತಿ ಒತ್ತಿ ತುಂಬ್ಸಿ ನೋಡಿ. ಈಗಿನ ಪೆಟ್ರೋಲು ಹಳೇ ರಬ್ಬರಿಗೆ ಆಗ್ಬರಲ್ಲ ಸಾರ್.”

ಭಾನುವಾರ ಅತ್ತೆಯವರು ಕುರ್ಚಿ ಹಾಕಿಸಿಕೊಳ್ಳಲಿಲ್ಲ. ನಾನೊಬ್ಬನೇ ಶೆಡ್ಡಿಗೆ ಹೋಗಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಬಾಯಿಗೆ ಇಣುಕಿ, ಕೈಯಲ್ಲೇ ಆಕ್ಸಿಲರೇಟರಿನ ಸರಳು ಎಳೆದೆ. ಒಣ ಗಂಟಲು. ಒಂದು ಹನಿ ಇಲ್ಲ. ಪಂಪಿನ ಕೆಳಗೆ ಕೈ ತೂರಿಸಿ ಲಿವರ್ ಹುಡುಕಿ ಒತ್ತತೊಡಗಿದೆ. ಬೆರಳು ನೋಯುವವರೆಗೂ ಒತ್ತಿದ ಮೇಲೆ ಪೆಟ್ರೋಲಿನ ವಾಸನೆ ಬಂತು. ಸರಳು ಎಳೆದರೆ ಈಗ ಪಿಚಕಾರಿ ಚಿಮ್ಮಿತು. ಕೈ ಒರೆಸಿಕೊಂಡು ಹೋಗಿ ಸ್ಟಾರ್ಟರ್ ಎಳೆದೆ. ಎಳೆದ ಕೈ ಬಿಡುವ ಮೊದಲೇ ಎಂಜಿನ್ನು ಹತ್ತಿಕೊಂಡಿತು.

ಅಡುಗೆಮನೆಯ ಕಿಟಕಿ ತೆರೆದುಕೊಂಡಿತು. ಸ್ವಲ್ಪ ಹೊತ್ತಿಗೆ ಅತ್ತೆಯವರು ತಾವೇ ಕುರ್ಚಿ ಹಿಡಿದುಕೊಂಡು ಬಂದರು.

“ಪೆಟ್ರೋಲು ತುಂಬೋಕೆ ಎಷ್ಟು ಹೊತ್ತಾಯ್ತು?”

“ತುಂಬಾ ಹೊತ್ತು.”

“ಪಂಪು ಸರಿ ಇದ್ರೆ ಅಷ್ಟು ಹೊತ್ತಾಗ್ಬಾರ್ದು. ಎಲ್ಲೋ ಗಾಳಿ ಎಳ್ಕೊಳ್ತಾ ಇದೆ.” ನೀವು ಹೇಳಿದ್ದು ಸರಿ ಎಂದು ಅವರು ಹೇಳಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಎದುರು ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಗಾರೆಯವರು ಮಟ್ಟ ನೋಡಲು ನೀರು ತುಂಬಿ ಹಿಡಿಯುವ ಪಾರದರ್ಶಕ ಪೈಪು ಇರುತ್ತದಲ್ಲ, ಅದರದೊಂದು ತುಂಡನ್ನು ಕೇಳಿ ತಂದೆ. ಎಂಜಿನ್ನು ತಣ್ಣಗಾದ ಮೇಲೆ ಪಂಪಿಗೂ ಕಾರ್ಬೊರೇಟರಿಗೂ ನಡುವೆ ಅದನ್ನು ಸಿಕ್ಕಿಸಿ ಲಿವರ್ ಒತ್ತಿದೆ. ಪೈಪಿನಲ್ಲಿ ಪೆಟ್ರೋಲು ಬಂತು, ಅದರ ಜೊತೆ ಸಾಲುಸಾಲಾಗಿ ಗುಳ್ಳೆಗಳೂ ಬಂದವು. ಬಗ್ಗಿ ನೋಡುತ್ತಿದ್ದ ಅತ್ತೆಯವರು ನನ್ನ ತೋಳು ಹಿಡಿದುಕೊಂಡರು.

“ನೋಡಿ ನೋಡಿ! ಡ್ರಿಪ್ಪಲ್ಲಿ ಗಾಳಿ ಬಂದ ಹಾಗೇ! ಪೇಷಂಟಿಗಾಗಿದ್ರೆ ಗತಿ ಏನು? ಮೇಲಲ್ಲ, ಹಿಂದಿನಿಂದ್ಲೇ ಬರ್ತಾ ಇದೆ. ಪಂಪಿಗೆ ಮುಂಚೆ ಎಲ್ಲೋ ತೂತಿದೆ.”

ಕಾರಿನ ಕೆಳಗೆ ಗೋಣಿಚೀಲ ಹಾಸಿ ಮಲಗಿದೆ. ಟ್ಯಾಂಕಿನಿಂದ ಬರುವ ತಾಮ್ರದ ಕೊಳವೆಯನ್ನು ಪಂಪಿಗೆ ಸೇರಿಸುವ ಗೇಣುದ್ದದ ರಬ್ಬರ್ ಪೈಪು ಸಿಕ್ಕಿತು. ನೋಡಲು ಏನೂ ಆಗಿರಲಿಲ್ಲ, ಒಂದು ಹನಿ ಜಿನುಗಿರಲಿಲ್ಲ. ಬಗ್ಗಿಸಿದೆ. ಬಗ್ಗಿದ ಕಡೆ ಒಡೆದ ಹಿಮ್ಮಡಿಯ ಹಾಗೆ ಬಿರುಕು ಬಾಯಿ ಬಿಟ್ಟಿತು. ಪೆಟ್ರೋಲು ಹೊರಗೆ ಬರುವ ಬದಲು ಅಲ್ಲಿಂದ ಗಾಳಿ ಒಳಗೆ ಹೋಗುತ್ತಿತ್ತು. ವಾರವೆಲ್ಲ ಕಾರು ಸುಮ್ಮನೆ ನಿಂತಾಗ ಕೊಳವೆಯಲ್ಲಿದ್ದ ಪೆಟ್ರೋಲು ಟ್ಯಾಂಕಿಗೆ ವಾಪಸ್ ಇಳಿದುಹೋಗುತ್ತಿತ್ತು, ಕಾರ್ಬೊರೇಟರಿನಲ್ಲಿದ್ದದ್ದು ಆರಿಹೋಗುತ್ತಿತ್ತು. ಪ್ರತಿ ಭಾನುವಾರ ನಾವು ಬತ್ತಿದ ಬೋರ್‌ವೆಲ್ಲಿಗೆ ಮೋಟರು ಹಾಕುತ್ತಿದ್ದೆವು.

ಹೊಸ ಪೈಪು ಹಾಕಿದೆವು. ಅಷ್ಟು ಹೊತ್ತಿಗೆ ನನ್ನ ಪ್ರಯೋಗಗಳಿಂದ ಬ್ಯಾಟರಿ ಮಂಕಾಗಿತ್ತು. “ಹ್ಯಾಂಡಲ್ ಹಾಕಿ,” ಎಂದರು ಅತ್ತೆ. ಡಿಕ್ಕಿಯಲ್ಲಿ ಅಂಕುಡೊಂಕಾದ ಕಬ್ಬಿಣದ ಹ್ಯಾಂಡಲ್ ಇತ್ತು. ಅದನ್ನು ಮುಂದಿನ ಬಂಪರಿನ ತೂತಿನಲ್ಲಿ ತೂರಿಸಿ ಎಂಜಿನ್ನನ್ನು ಕೈಯಲ್ಲೇ ತಿರುಗಿಸಬಹುದು. ಹೆಬ್ಬೆರಳನ್ನು ಸುತ್ತಿ ಹಿಡಿಯಬಾರದು, ಉಳಿದ ಬೆರಳುಗಳ ಜೊತೆಗೇ ಇಡಬೇಕು, ಇಲ್ಲದಿದ್ದರೆ ಎಂಜಿನ್ನು ಒದ್ದರೆ ಹೆಬ್ಬೆರಳು ಮುರಿಯುತ್ತದೆ ಎಂದು ತೋರಿಸಿಕೊಟ್ಟರು. ತಾವು ಸ್ಟೀರಿಂಗಿನ ಮುಂದೆ ಕೂತರು. ನಾನು ಕಾರಿನ ಮುಂದೆ, ಗೋಡೆಗೆ ಬೆನ್ನು ಮಾಡಿ, ಕಾಲು ಅಗಲಿಸಿ ನಿಂತು ಹ್ಯಾಂಡಲ್ ಹಿಡಿದು ಉಸಿರು ಕಟ್ಟಿದೆ.

“ಬಿಡೋ! ಬಿಡೋ ಕೈನ! ಗೇರಲ್ಲಿದೆ ಕಣೋ!”

ನಾನು ಹ್ಯಾಂಡಲ್ ಬಿಟ್ಟು ಪಕ್ಕಕ್ಕೆ ಹಾರಿದೆ. ಕೆಳಗೆ ಮಲಗುವಾಗ ಕಾರು ಉರುಳದಿರಲೆಂದು ನಾನೇ ಗೇರಿಗೆ ಹಾಕಿದ್ದೆ, ತೆಗೆಯುವುದು ಮರೆತಿತ್ತು. ತಿರುಗಿಸಿ ಹತ್ತಿಕೊಂಡಿದ್ದರೆ ಕಾರು ನನ್ನನ್ನು ಗೋಡೆಗೆ ಒತ್ತಿಬಿಡುತ್ತಿತ್ತು. ಅತ್ತೆಯವರು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಅವರ ಬಾಯಿಂದ ಬಂದ ಏಕವಚನ ಶೆಡ್ಡಿನಲ್ಲಿ ನಮ್ಮಿಬ್ಬರ ನಡುವೆ ನಿಂತಿತ್ತು. ನನಗೆ ಹದಿನೆಂಟು ತುಂಬುವ ಮೊದಲೇ ತಾಯಿ ಹೋದರು. ಆಮೇಲೆ ನನ್ನನ್ನು ಯಾರೂ ಹಾಗೆ ಗದರಿರಲಿಲ್ಲ.

ಅವರು ಗೇರು ತೆಗೆದು, ಎರಡು ಸಲ ಅಲ್ಲಾಡಿಸಿ ನೋಡಿ, “ಈಗ ತಿರುಗ್ಸಿ” ಅಂದರು. ತಿರುಗಿಸಿದೆ. ಅರ್ಧ ಸುತ್ತಿಗೇ ಹತ್ತಿಕೊಂಡಿತು.

ದೊಡ್ಡನೆಕ್ಕುಂದಿಗೆ ಹೊರಟದ್ದು ಅದರ ಮುಂದಿನ ಭಾನುವಾರ. ಟೀಚರಾದ ಹೆಂಡತಿಗೆ ತಿದ್ದಲು ಶಾಲೆಯ ಪರೀಕ್ಷೆ ಪೇಪರುಗಳಿದ್ದವು, “ನೀವಿಬ್ರೇ ಹೋಗಿ, ನಡುವೆ ನಾನ್ಯಾಕೆ” ಎಂದು ಚುಚ್ಚಿ ಕಳಿಸಿದಳು. ಅತ್ತೆಯವರು ರೇಷ್ಮೆ ಸೀರೆ ಉಟ್ಟು, ಫ್ಲಾಸ್ಕು, ಟವಲು, ನೀರಿನ ಬಾಟಲಿ ಹಿಡಿದು ಮುಂದಿನ ಸೀಟಿನಲ್ಲಿ ಕೂತರು. ಹೆಬ್ಬಾಳದವರೆಗೆ ಚೆನ್ನಾಗಿಯೇ ಹೋದೆವು. ಪಕ್ಕದ ಕಾರುಗಳವರು ಕಿಟಕಿ ಇಳಿಸಿ ಫೋಟೊ ತೆಗೆದರು. ಅತ್ತೆಯವರು ಸೆರಗು ಸರಿಮಾಡಿಕೊಂಡರು. ಮೇಲ್ಸೇತುವೆ ಇಳಿದು ನಾಗವಾರದ ಕಡೆಗೆ ತಿರುಗಿದರೆ ಮೆಟ್ರೊ ಕೆಲಸಕ್ಕೆ ರಸ್ತೆ ಕಿರಿದಾಗಿ ವಾಹನಗಳು ಇರುವೆ ಸಾಲಿನ ಹಾಗೆ ನಿಂತಿದ್ದವು. ಬಿಸಿಲು ಏರಿತ್ತು. ನಿಂತೂ ನಿಂತೂ ಎಂಜಿನ್ನು ಬಿಸಿಯಾಗಿ, ಬಿಕ್ಕಳಿಸಿ ಆರಿಹೋಯಿತು. ಎಳೆದರೆ ಗೊರಗೊರ.

ಹಿಂದಿನಿಂದ ಹಾರನ್ನುಗಳು ಶುರುವಾದವು. ರಸ್ತೆ ಪಕ್ಕದಲ್ಲಿ ಹಳದಿ ಟೋಪಿ ಹಾಕಿಕೊಂಡು ಬ್ಯಾರಿಕೇಡು ಸರಿಸುತ್ತಿದ್ದ ಇಬ್ಬರು ಓಡಿ ಬಂದು ಕಾರನ್ನು ಬದಿಗೆ ತಳ್ಳಿಕೊಟ್ಟರು.

“ಏನಾತ್ರೀ ಸರ? ಎಣ್ಣಿ ಖಾಲಿ ಆತೇನ?” ಅವರಲ್ಲಿ ಹಿರಿಯನಾದವನು ಕೇಳಿದ. ಮಾತಿನಲ್ಲಿ ರಾಯಚೂರೋ ಕಲಬುರಗಿಯೋ ಇತ್ತು.

“ಇಲ್ಲಪ್ಪ, ಬಿಸಿಗೆ ಪೆಟ್ರೋಲು ಪೈಪಲ್ಲೇ ಕುದ್ದು ಆವಿಯಾಗಿದೆ,” ಎಂದು ಅತ್ತೆಯವರೇ ಉತ್ತರ ಕೊಟ್ಟರು. “ಒದ್ದೆ ಬಟ್ಟೆ ಹಾಕ್ಬೇಕು. ಜ್ವರ ಬಂದೋರಿಗೆ ಹಣೆಗೆ ಹಾಕಲ್ವಾ, ಹಾಗೆ.”

ಟವಲನ್ನು ನೆನೆಸಿ ಪಂಪಿನ ಮೇಲೆ ಸುತ್ತಿದೆ. ಉಸ್ಸೆಂದು ಹಬೆ ಬಂತು. ನಮ್ಮ ಬಾಟಲಿಯ ನೀರು ಅಲ್ಲಿಗೇ ಮುಗಿಯಿತು. ಆತ ತಮ್ಮ ನೀರಿನ ಕ್ಯಾನು ಹೊತ್ತು ತಂದು, ತಾನೇ ಟವಲಿನ ಮೇಲೆ ನಿಧಾನವಾಗಿ ಸುರಿಯುತ್ತ ನಿಂತ.

“ಎಷ್ಟ್ ವರ್ಷದ್ದ್ರೀ ಅಮ್ಮಾರ ಇದು?”

“ನಿಮ್ಮಪ್ಪನಿಗಿಂತ ದೊಡ್ಡದು.”

“ಹಂಗಾರ ದೊಡ್ಡಪ್ಪ ಆತು ತಗೋರಿ!” ಎಂದು ಆತ ಬಾನೆಟ್ಟಿಗೆ ಕೈ ಮುಗಿದ. ಅತ್ತೆಯವರು ಫ್ಲಾಸ್ಕಿನ ಕಾಫಿಯನ್ನು ಅವರಿಬ್ಬರಿಗೂ ಮುಚ್ಚಳದಲ್ಲಿ ಬಗ್ಗಿಸಿಕೊಟ್ಟರು. ಕಾಫಿ ಮುಗಿಯುವ ಹೊತ್ತಿಗೆ ಪಂಪು ತಣ್ಣಗಾಗಿತ್ತು. ಲಿವರ್ ಒತ್ತಿ ಎಳೆದೆ, ಹತ್ತಿಕೊಂಡಿತು. ಆತ ಶಿಳ್ಳೆ ಹೊಡೆದ.

ದೊಡ್ಡನೆಕ್ಕುಂದಿಯ ಆ ಕಟ್ಟಡದ ಗೇಟಿನೊಳಗೆ ಗೆಳತಿ ವಾಕರ್ ಹಿಡಿದು ನಿಂತೇ ಇದ್ದರು. ಬಹಳ ಹೊತ್ತಿನಿಂದ ನಿಂತಿದ್ದರೆಂದು ಕಾಣುತ್ತದೆ, ಅಣ್ಣನ ಸೊಸೆ ಹಿಂದೆ ಸ್ಟೂಲು ಹಿಡಿದಿದ್ದರು.

“ಏನ್ ಸಿಸ್ಟ್ರೇ, ಇಷ್ಟೊತ್ತು? ಆಸ್ಪತ್ರೆ ಡ್ಯೂಟಿಗಾದ್ರೆ ಮೆಮೊ ಕೊಡೋರು!”

“ದಾರೀಲಿ ಕೈಕೊಡ್ತು ಸಿಸ್ಟ್ರೇ.”

“ಇನ್ನೂ ಬುದ್ಧಿ ಬಂದಿಲ್ವಾ ಅದಕ್ಕೆ?”

ಎಂಜಿನ್ನು ಆರಿಸಲು ನನಗೆ ಧೈರ್ಯವಿರಲಿಲ್ಲ. ಬ್ರೇಕು ಎಳೆದು ಇಳಿದು ಬಂದು ಮುಂದಿನ ಬಾಗಿಲು ತೆರೆದೆ. ಬಾಗಿಲು ಹಿಂದಕ್ಕೆ ಹೋಯಿತು, ಮುಂದೆ ಜಾಗ ಅಗಲವಾಗಿ ತೆರೆದುಕೊಂಡಿತು. ಅತ್ತೆಯವರು ನಡುವಿಗೆ ಸರಿದರು. ಆಕೆ ವಾಕರ್ ಸಮೇತ ತಿರುಗಿ, ಬೆನ್ನು ಕೊಟ್ಟು, ಮೆಲ್ಲಗೆ ಸೀಟಿನ ಮೇಲೆ ಕೂತರು. ನಾನು ಆಕೆಯ ಪಾದಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟೆ. ಆಕೆ ಕಣ್ಣು ಮುಚ್ಚಿ ಸೀಟಿಗೆ ಒರಗಿ, ಕೈಯಿಂದ ಡ್ಯಾಶ್‌ಬೋರ್ಡನ್ನು ಸವರಿದರು. “ಅದೇ ವಾಸ್ನೆ,” ಅಂದರು.

ಊರು ಸುತ್ತಿದೆವು. ಕೆರೆ ಏರಿಯ ಮೇಲೆ ಹೋದೆವು. ಗಾಜಿನ ದೊಡ್ಡ ಕಟ್ಟಡವೊಂದರ ಮುಂದೆ ನಿಲ್ಲಿಸಲು ಹೇಳಿ, “ಇದೇ ನಮ್ ರಾಗಿ ಒಲ ಇದ್ದಿದ್ದು” ಅಂದರು. ಅಯ್ಯೋ ಎಂದು ನಾನು ಏನೋ ಹೇಳಲು ಹೊರಟೆ. “ಅಯ್ಯೋ ಯಾಕಪ್ಪ? ಕಳೆ ಕಿತ್ತು ಕಿತ್ತು ನಮ್ಮವ್ವನ ಸೊಂಟ ಓಯ್ತು. ಈಗ ಬಾಡಿಗೆ ಬೆಳೀತೀವಿ, ಕಳೇನೇ ಬರಾಕಿಲ್ಲ,” ಎಂದು ನಕ್ಕರು.

ದರ್ಶಿನಿಯೊಂದರ ಮುಂದೆ ನಿಲ್ಲಿಸಿ ಇಡ್ಲಿ ವಡೆಯನ್ನು ಕಾರಿಗೇ ತಂದುಕೊಟ್ಟೆ. ಎಂಜಿನ್ನು ಓಡುತ್ತಲೇ ಇತ್ತು. ಬೆಂಚು ಸೀಟಿನ ಮೇಲೆ ಮೂವರೂ ಸಾಲಾಗಿ ಕೂತು, ತಟ್ಟೆಗಳು ಎಂಜಿನ್ನಿನ ತಾಳಕ್ಕೆ ನಡುಗುತ್ತ, ತಿನ್ನತೊಡಗಿದೆವು.

“ಆಫ್ ಮಾಡಪ್ಪ ಅದನ್ನ. ಮಾತೇ ಕೇಳುಸ್ತಿಲ್ಲ,” ಅಂದರು ಗೆಳತಿ.

ನಾನು ಅತ್ತೆಯವರ ಮುಖ ನೋಡಿದೆ. ಅವರು ವಡೆ ಮುರಿಯುತ್ತ, “ಆಫ್ ಮಾಡಿ. ಹತ್ತದೇ ಇದ್ರೆ ಇನ್ನೊಂದ್ ಕಾಫಿ ಕುಡಿಯೋಣ” ಅಂದರು. ಆರಿಸಿದೆ.

“ನಿಮ್ಮತ್ತೆ ಏಳವ್ಳಾ, ರೈಲ್ವೆ ಗೇಟ್ ಕತೆ?” ಗೆಳತಿ ನನ್ನನ್ನು ಕೇಳಿದರು. ಇಲ್ಲವೆಂದೆ. “ಏಳು ಸಿಸ್ಟ್ರೇ” ಎಂದರು. ಅತ್ತೆಯವರು ನಾಚಿ, “ನೀನೇ ಹೇಳು” ಅಂದರು.

ಕ್ವಾರ್ಟರ್ಸಿನಲ್ಲಿ ಒಬ್ಬಳಿಗೆ ಹೆರಿಗೆ ನೋವು ಬಂದಿತ್ತಂತೆ. ಆಂಬುಲೆನ್ಸು ಬೇರೆಲ್ಲೋ ಹೋಗಿತ್ತು. ಇಬ್ಬರೂ ಈ ಕಾರಿನಲ್ಲಿ ಹೋಗಿ ಅವಳನ್ನು ಹಿಂದಿನ ಸೀಟಿಗೆ ಹಾಕಿಕೊಂಡು ಬರುವಾಗ ರೈಲ್ವೆ ಗೇಟು ಬಿದ್ದುಬಿಟ್ಟಿತು. ಗೂಡ್ಸ್ ಗಾಡಿ. ಅದು ಹೋಗುವಷ್ಟರಲ್ಲಿ ಮಗು ಬಂದೇಬಿಟ್ಟಿತು. ಅತ್ತೆಯವರು ಹಿಂದಿನ ಸೀಟಿಗೆ ಹತ್ತಿ ಹೆರಿಗೆ ಮಾಡಿಸಿದರು. ಗೇಟು ಎದ್ದಿತು. ಕಾರು ಏಳಲಿಲ್ಲ.

“ಮಗ ಉಟ್ಟಿ ಕಿರೋ ಅಂತ ಅಳ್ತಾ ಐತೆ, ಈ ಕಾರು ಮಾತ್ರ ಉಸಿರೆತ್ತಕಿಲ್ಲ! ನಾನು ಸೀರೆ ಎತ್ತಿ ಕಚ್ಚೆ ಕಟ್ಟಿ, ಆ ಆಂಡಲ್ ಆಕಿ ತಿರುಗುಸ್ತೀನಿ, ತಿರುಗುಸ್ತೀನಿ, ಲಾರಿಯೋರೆಲ್ಲ ನೋಡ್ತಾವ್ರೆ. ಇವ್ಳು ಒಳಗಿಂದ ಕೂಗ್ತಾಳೆ, ಎಬ್ಬೆಟ್ಟು ಎಬ್ಬೆಟ್ಟು ಅಂತ!”

ಅತ್ತೆಯವರು ನಗುತ್ತ ಕೆಮ್ಮಿದರು, ಚಟ್ನಿ ರೇಷ್ಮೆ ಸೀರೆಯ ಮೇಲೆ ಬಿತ್ತು, ಅದನ್ನು ಒರೆಸಲೂ ಆಗದಷ್ಟು ನಕ್ಕರು. ಆ ಮನೆಯಲ್ಲಿ ಇಷ್ಟು ವರ್ಷ ಇದ್ದೂ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಆ ಮಗು ಏನಾಯಿತು ಎಂದು ಕೇಳಿದೆ. ಅವನೀಗ ಯಾವುದೋ ಬ್ಯಾಂಕಿನಲ್ಲಿದ್ದಾನಂತೆ, ತಲೆ ಬೋಳಾಗಿದೆಯಂತೆ.

ಅವರು ಮಾತಾಡುತ್ತಿದ್ದಂತೆ ನಾನು ಇಳಿದು ಬಾನೆಟ್ಟೆತ್ತಿ, ದರ್ಶಿನಿಯ ಕೈತೊಳೆಯುವ ನಲ್ಲಿಯಲ್ಲಿ ಟವಲು ನೆನೆಸಿ ಪಂಪಿಗೆ ಸುತ್ತಿದೆ. ಬಟ್ಟೆ ಬಿಸಿಯಾದಾಗ ಹಿಂಡಿ ಮತ್ತೆ ನೆನೆಸಿದೆ. ಲಿವರನ್ನು ನಿಧಾನವಾಗಿ ಒತ್ತಿದೆ. ಬಂದು ಕೂತು, ಆಕ್ಸಿಲರೇಟರನ್ನು ಅರ್ಧ ತುಳಿದು, ಸ್ಟಾರ್ಟರ್ ಎಳೆದೆ. ಮೊದಲ ಸಲಕ್ಕೇ ಹತ್ತಿಕೊಂಡಿತು. ನಾನು ಹೆಮ್ಮೆಯಿಂದ ಪಕ್ಕಕ್ಕೆ ತಿರುಗಿದೆ. ಇಬ್ಬರೂ ಹಳೆಯ ಮೇಟ್ರನ್ನಿನ ಜಿಪುಣತನದಲ್ಲಿ ಮುಳುಗಿದ್ದರು. ಕಾರು ಹತ್ತಿದ್ದನ್ನು ಯಾರೂ ಗಮನಿಸಲಿಲ್ಲ.

ಈಗ ತಿಂಗಳಿಗೊಮ್ಮೆ ಹೋಗುತ್ತೇವೆ. ಗೆಳತಿ ವಾಕರ್ ಬಿಟ್ಟು ಕೋಲಿಗೆ ಬಂದಿದ್ದಾರೆ. ಕಾರಿಗೆ ಕಾಯುತ್ತ ಗೇಟಿನಾಚೆ ರಸ್ತೆಯವರೆಗೂ ಬಂದು ನಿಲ್ಲುತ್ತಾರೆಂದು ಅಣ್ಣನ ಸೊಸೆ ದೂರುತ್ತಾರೆ. ಆದರೆ ನನಗೆ ಹೆಚ್ಚಾಗಿ ನೆನಪಾಗುವುದು ಆ ಮೊದಲ ದಿನ ವಾಪಸ್ ಬಂದದ್ದು. ಹೆಬ್ಬಾಳ ದಾಟುವ ಹೊತ್ತಿಗೆ ಅತ್ತೆಯವರು ನಿದ್ದೆ ಹೋಗಿದ್ದರು. ಗುಂಡಿಗಳನ್ನು ತಪ್ಪಿಸಿ ತಪ್ಪಿಸಿ, ಎತ್ತಿನ ಗಾಡಿಯ ವೇಗದಲ್ಲಿ ಬಂದೆ. ಹಿಂದಿನ ಲಾರಿಗಳವರು ಬೈದು ಮುಂದೆ ಹೋದರು. ಜಾಲಹಳ್ಳಿಯ ನಮ್ಮ ಬೀದಿಗೆ ಬಂದು ಮನೆಯ ಮುಂದೆ ನಿಲ್ಲಿಸಿದರೂ ಅವರಿಗೆ ಎಚ್ಚರವಾಗಲಿಲ್ಲ. ಸದ್ದು ನಿಂತರೆ ಎದ್ದುಬಿಡುತ್ತಾರೆಂದು ಎಂಜಿನ್ನನ್ನು ಹಾಗೇ ಓಡಲು ಬಿಟ್ಟು ಕೂತೆ. ಪೇಪರು ತಿದ್ದುವ ಕೆಂಪು ಪೆನ್ನು ಹಿಡಿದುಕೊಂಡೇ ಹೆಂಡತಿ ಗೇಟಿಗೆ ಬಂದಳು.

“ಏನ್ರೀ, ಈಗ ಆಫೇ ಆಗ್ತಿಲ್ವಾ?”

ನಾನು ತುಟಿಯ ಮೇಲೆ ಬೆರಳಿಟ್ಟೆ. ಅವಳು ಬಗ್ಗಿ ತಾಯಿಯ ಮುಖ ನೋಡಿದಳು. ಆಮೇಲೆ ಸದ್ದಾಗದಂತೆ ಹಿಂದಿನ ಬಾಗಿಲ ಹಿಡಿ ಒತ್ತಿ, ಹತ್ತಿ ಕೂತಳು.